ಜಪಾನಿನ ಕತ್ತಿಯ ಸಜ್ಜು: ಚಿತ್ರಕ್ಕೆ ಮೊದಲು ಲೋಹದ ಮೈ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ಅಂತರ್ಜಾಲದಲ್ಲಿ ಇಟ್ಟಿರುವ ಜಪಾನೀ ಕತ್ತಿಗಳ ಸಜ್ಜಿನ ಚಿತ್ರಗಳನ್ನು ಹಿಗ್ಗಿಸಿ ನೋಡುವುದು ನನ್ನ ಹಳೆಯ ಚಟ. ಅಲಗಿಗೂ ಹಿಡಿಗೂ ನಡುವೆ ಕೂರುವ ತ್ಸುಬ ಎಂಬ ಬಿಲ್ಲೆಯಾಗಲಿ, ಒರೆಯ ಪಕ್ಕದಲ್ಲಿ ಸಿಕ್ಕಿಸುವ ಕಿರುಚೂರಿಯ ಹಿಡಿಯಾದ ಕೊಜುಕಾ ಆಗಲಿ, ಯಾವ ಪರಂಪರೆಯ ಕೆಲಸವೆಂದು ತಿಳಿಯಬೇಕಾದಾಗ ನಾನು ಕೆತ್ತಿದ ಚಿತ್ರವನ್ನು ಕೊನೆಗೆ ನೋಡುತ್ತೇನೆ. ಡ್ರ್ಯಾಗನ್ನನ್ನೂ ಸಿಂಹವನ್ನೂ ಎಲ್ಲ ಮನೆತನದವರೂ ಕೆತ್ತಿದ್ದಾರೆ. ಕೈಗುಣ ತೋರುವುದು ಲೋಹದ ಮೈಯಲ್ಲಿ.

ಗೋತೊ ಮನೆತನವನ್ನೇ ತೆಗೆದುಕೊಳ್ಳೋಣ. ಜಪಾನನ್ನು ಆಳಿದ ಸೇನಾಧಿಪತಿಗಳಾದ ಆಶಿಕಾಗಾ ಶೋಗುನರ ಆಶ್ರಯದಲ್ಲಿದ್ದ ಗೋತೊ ಯೂಜೊನಿಂದ (1440–1512) ಆರಂಭವಾದ ಈ ಪರಂಪರೆಯವರು ಬಹುವಾಗಿ ಬಳಸಿದ ಲೋಹ ಶಾಕುದೊ. ತಾಮ್ರಕ್ಕೆ ಸ್ವಲ್ಪವೇ ಚಿನ್ನ ಬೆರೆಸಿ, ತಾಮ್ರದ ಲವಣಗಳ ದ್ರಾವಣದಲ್ಲಿ ಕುದಿಸಿದಾಗ ಅದಕ್ಕೆ ನೀಲಿ ಮಿಶ್ರಿತ ಕಪ್ಪು ಬರುತ್ತದೆ. ಅದು ಮೇಲೆ ಬಳಿದ ಬಣ್ಣವಲ್ಲ. ಆ ಕಪ್ಪಿನ ಮೇಲೆ, ತುದಿಯಲ್ಲಿ ಕುಳಿಯಿರುವ ಅಚ್ಚುಳಿಯಿಂದ ಒಂದೊಂದಾಗಿ ಬಡಿದು ಎಬ್ಬಿಸಿದ, ರಾಗಿ ಕಾಳಿಗಿಂತಲೂ ಸಣ್ಣ ಗುಂಡುಗಳ ಸಾಲುಗಳು ಇರುತ್ತವೆ. ಇದಕ್ಕೆ ನನಕೊ ಎನ್ನುತ್ತಾರೆ. ಚಿನ್ನದ ಉಬ್ಬುಚಿತ್ರದ ಅಂಚಿಗೆ ಬಂದಾಗಲೂ ಸಾಲು ಕದಡದೆ, ಗುಂಡುಗಳ ಗಾತ್ರ ಬದಲಾಗದೆ ಇದ್ದರೆ ಅದು ಪಳಗಿದ ಕೈಯ ಕೆಲಸ. ಅಗ್ಗದ ಅನುಕರಣೆಗಳು ಸಾಮಾನ್ಯವಾಗಿ ಎಡವುವುದು ಈ ಅಂಚಿನಲ್ಲೇ.

ಯೊಕೊಯಾ ಸೋಮಿನ್ (1670–1733) ಗೋತೊ ಶೈಲಿಯ ಈ ಕಟ್ಟುಪಾಡಿನಿಂದ ಹೊರಬಂದವನು. ಉಳಿಯನ್ನು ಓರೆಯಾಗಿ ಹಿಡಿದು, ಗೆರೆಯ ಒಂದು ಬದಿ ಕಡಿದಾಗಿಯೂ ಇನ್ನೊಂದು ಬದಿ ಇಳಿಜಾರಾಗಿಯೂ ಇರುವಂತೆ ಕೊರೆಯುವ ಕತಾಕಿರಿ ವಿಧಾನಕ್ಕೆ ಅವನು ಹೆಸರಾದ. ಕುಂಚದ ಗೆರೆ ದಪ್ಪವಾಗಿ ತೆಳುವಾಗುವ ಬಗೆ ಲೋಹದಲ್ಲಿ ಹಾಗೆಯೇ ಮೂಡುವುದರಿಂದ, ಇಂಥ ಕೆಲಸಕ್ಕೆ ಗುಂಡುಗಳ ಮೈ ಒಗ್ಗುವುದಿಲ್ಲ, ನುಣುಪಾದ ಮೈ ಬೇಕಾಗುತ್ತದೆ.

ಕಬ್ಬಿಣದ ತ್ಸುಬಗಳದ್ದು ಬೇರೆಯೇ ಲೋಕ. ಓವಾರಿ ಪ್ರಾಂತ್ಯದ, ಲೋಹವನ್ನು ಆರಪಾರ ಕೊರೆದು ಮಾಡುವ ಜಾಲಂಧ್ರ ಕೆಲಸದಲ್ಲಿ ಎಡಬಲ ಸಮವಾದ, ಗಟ್ಟಿಮುಟ್ಟಾದ ವಿನ್ಯಾಸಗಳು ಹೆಚ್ಚು. ಅಂಚಿನಲ್ಲಿ ಕಬ್ಬಿಣದ ಗಡಸು ಗಂಟುಗಳು ಎದ್ದು ಕಾಣುತ್ತವೆ. ಹಿಗೊ ಪ್ರಾಂತ್ಯದಲ್ಲಿ, ಚಹಾಗುರು ಸೆನ್ ನೊ ರಿಕ್ಯೂನ ಶಿಷ್ಯನಾಗಿದ್ದ ಸಾಮಂತ ದೊರೆ ಹೊಸೊಕಾವಾ ತಾದಾಓಕಿಯ ಅಭಿರುಚಿಯಿಂದಾಗಿ ಸಂಯಮದ ಶೈಲಿ ಬೆಳೆಯಿತು. ಅಲ್ಲಿನ ಹಯಾಶಿ ಮಾತಾಶಿಚಿಯ ಕಬ್ಬಿಣದ ಕಪ್ಪು ಮೈ ನನಗೆ ಗೋತೊಗಳ ಚಿನ್ನಕ್ಕಿಂತ ಹೆಚ್ಚು ಇಷ್ಟ.

ಇನ್ನು ಹಸ್ತಾಕ್ಷರ. ಹೆಸರಾಂತ ಕುಶಲಕರ್ಮಿಗಳ ಹೆಸರನ್ನು, ಅದರಲ್ಲೂ ಸೋಮಿನ್‌ನದನ್ನು, ಇತರರು ಧಾರಾಳವಾಗಿ ಕೆತ್ತಿಕೊಂಡಿದ್ದಾರೆ. ಹೆಸರು ಒಂದು ಹೇಳಿ ಉಳಿಯ ಗೆರೆ ಇನ್ನೊಂದು ಹೇಳಿದರೆ, ನಾನು ಗೆರೆಯ ಮಾತನ್ನೇ ನಂಬುತ್ತೇನೆ.