ಮೂರು ದಿನದ ಊರಿಗೆ ಒಂದೇ ಸಣ್ಣ ಚೀಲ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಂಗಳೂರಿಗೋ ಹೈದರಾಬಾದಿಗೋ ಹೊರಟಾಗ ಕಲಬುರಗಿಯ ನಿಲ್ದಾಣದಲ್ಲಿ ಪರಿಚಯದವರು ಸಿಕ್ಕರೆ, ಊರು ಯಾವುದು ಎಂದು ಕೇಳುವುದಕ್ಕೂ ಮುಂಚೆ ಅವರ ಕಣ್ಣು ನನ್ನ ಹೆಗಲ ಮೇಲಿನ ಚೀಲದ ಕಡೆಗೆ ಹೋಗುತ್ತದೆ. "ಅಕ್ಕಾ, ಮೂರು ದಿನಕ್ಕ ಇಷ್ಟ ಸಣ್ಣ ಚೀಲ? ಎಲ್ಲಾ ಹ್ಯಾಂಗ ಹಿಡಿಸ್ತೀರಿ?" ಎಂಬುದು ಅವರ ಪ್ರಶ್ನೆ. ದಿನಗಳನ್ನು ಎಣಿಸಿ ನಾನು ಅರಿವೆ ಇಡುವುದಿಲ್ಲ. ಹೋಗುವ ಊರಿನಲ್ಲಿ ಒಗೆದ ಅರಿವೆ ಒಂದು ರಾತ್ರಿಯಲ್ಲಿ ಒಣಗುತ್ತದೆಯೇ ಇಲ್ಲವೇ ಎಂಬುದನ್ನು ನೋಡಿ ಇಡುತ್ತೇನೆ. ಉಳಿದದ್ದೆಲ್ಲ ಇದರ ಹಿಂದೆ ಬರುವ ಮಾತು.

ಮೊದಲು ಚೀಲ, ಆಮೇಲೆ ಸಾಮಾನು ಎಂಬ ಕ್ರಮವನ್ನು ನಾನು ಬಿಡುವುದಿಲ್ಲ. ಸಾಮಾನೆಲ್ಲ ಮಂಚದ ಮೇಲೆ ಹರವಿಕೊಂಡು ಅದಕ್ಕೆ ತಕ್ಕ ಚೀಲ ಹುಡುಕಿದರೆ ಯಾವಾಗಲೂ ದೊಡ್ಡದೇ ಸಿಗುತ್ತದೆ. ನಮ್ಮ ಭಾಗದವರು ಹೆಚ್ಚಾಗಿ ರೈಲಿನಲ್ಲಿ ಓಡಾಡುವವರು. ರೈಲ್ವೆಯವರು ಸ್ಲೀಪರ್ ದರ್ಜೆಯ ಪ್ರಯಾಣಿಕರಿಗೆ 40 ಕಿಲೋ, ಎರಡನೇ ದರ್ಜೆಯವರಿಗೆ 35 ಕಿಲೋ ಸಾಮಾನನ್ನು ಉಚಿತವಾಗಿ ಒಯ್ಯಲು ಬಿಡುವುದರಿಂದ, ಮಿತಿಯನ್ನು ನಾವೇ ಹಾಕಿಕೊಳ್ಳಬೇಕಾಗುತ್ತದೆ. ವಿಮಾನದಲ್ಲಿ ಕೈಯಲ್ಲಿ ಒಯ್ಯುವ ಚೀಲಕ್ಕೆ ಸಾಮಾನ್ಯವಾಗಿ ಇರುವ 7 ಕಿಲೋ ಮಿತಿಯನ್ನು ನಾನು ರೈಲಿಗೂ ಬಸ್ಸಿಗೂ ಅನ್ವಯಿಸಿಕೊಂಡಿದ್ದೇನೆ. ಮೂರು ದಿನಕ್ಕೆ ನಿಜವಾಗಿ ಬೇಕಾಗುವುದು ಅದಕ್ಕಿಂತಲೂ ಕಡಿಮೆ. ಗಾಲಿ ಇರುವ ಪೆಟ್ಟಿಗೆ ಬರಿದಾಗಿದ್ದಾಗಲೇ ಎರಡೂವರೆ ಕಿಲೋ ತೂಗುವುದುಂಟು, ಎಂದರೆ ಮಿತಿಯ ಮೂರನೆಯ ಒಂದು ಭಾಗ ಪೆಟ್ಟಿಗೆಯೇ ತಿಂದುಬಿಡುತ್ತದೆ. ಹೆಗಲಿಗೆ ಹಾಕುವ 25 ಲೀಟರಿನ ಸಾದಾ ಚೀಲ ಮುಕ್ಕಾಲು ಕಿಲೋ ಸುತ್ತಮುತ್ತ ಇರುತ್ತದೆ. ಎರಡೂ ಕೈ ಬಿಡುವಾಗಿದ್ದರೆ ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬಹುದು, ವಾಡಿಯಲ್ಲಿ ಗಾಡಿ ಬದಲಿಸುವಾಗ ಜೊತೆಗಿದ್ದ ಹಿರಿಯರ ಕೈ ಹಿಡಿಯಬಹುದು. ನನಗೆ ಈ ಎರಡನೆಯದೇ ದೊಡ್ಡ ಕಾರಣ.

ಇನ್ನು ಅರಿವೆಯ ವಿಷಯ. ಉಟ್ಟ ಸೀರೆಯೊಂದು, ಚೀಲದಲ್ಲಿ ಎರಡು, ಇಷ್ಟೇ. ಹಗುರವಾದ ಹತ್ತಿ ಸೀರೆ ಅರ್ಧ ಕಿಲೋ ಸುಮಾರಿರುತ್ತದೆ. ಜರಿ ತುಂಬಿದ ರೇಷ್ಮೆ ಸೀರೆ ಅದಕ್ಕಿಂತ ಬಹಳ ಭಾರ. ಸೀರೆಯನ್ನು ಎರಡು ಸಲ ಉಡಬಹುದು, ಆದರೆ ಬೆವರು ಹೀರುವ ಕುಪ್ಪಸವನ್ನೂ ಒಳ ಉಡುಪನ್ನೂ ದಿನವೂ ಒಗೆಯಲೇಬೇಕು. ಆದ್ದರಿಂದ ಪ್ರಯಾಣಕ್ಕೆಂದು ನಾನು ಲೈನಿಂಗ್ ಇಲ್ಲದ ಕುಪ್ಪಸಗಳನ್ನೇ ಹೊಲಿಸುತ್ತೇನೆ, ಏಕೆಂದರೆ ಲೈನಿಂಗ್ ಹಾಕಿದ ಕುಪ್ಪಸದ ಮೇಲ್ಬಟ್ಟೆ ಬೆಳಗಾಗುವುದರೊಳಗೆ ಒಣಗಿದರೂ ಕಂಕುಳಿನ ಜೋಡುಪದರದಲ್ಲಿ ತೇವ ಉಳಿದು ವಾಸನೆ ಬರುತ್ತದೆ. ಎರಡು ಸೀರೆಗೂ ಹೊಂದುವ ಬಣ್ಣದ ಕುಪ್ಪಸವಿದ್ದರೆ ಲೆಕ್ಕ ಇನ್ನೂ ಸುಲಭವಾಗುತ್ತದೆ. ಗಂಡಸರಿಗೆ ಇದೇ ಮಾತನ್ನು ಜೀನ್ಸ್ ಪ್ಯಾಂಟಿನ ಬಗ್ಗೆ ಹೇಳುತ್ತೇನೆ: ದಪ್ಪ ಜೀನ್ಸ್ ಭಾರವೂ ಹೌದು, ಒಮ್ಮೆ ಒದ್ದೆಯಾದರೆ ಎರಡು ದಿನ ಒಣಗದೆ ಕಾಡುವುದೂ ಹೌದು.

ಒಗೆಯುವುದಕ್ಕೂ ಒಂದು ಹೊತ್ತಿದೆ. ಮಲಗುವ ಮುಂಚೆ ಒಗೆದರೆ ತಡವಾಯಿತು. ಊರು ಮುಟ್ಟಿ ಕೈಕಾಲು ತೊಳೆದುಕೊಳ್ಳುವಾಗಲೇ ಒಗೆದು ಹಾಕಬೇಕು. ಹಿಂಡಿದ ಬಟ್ಟೆಯನ್ನು ಒಣ ಟವೆಲ್ ಮೇಲೆ ಹಾಸಿ, ಎರಡನ್ನೂ ಕೂಡಿಸಿ ಸುರುಳಿ ಸುತ್ತಿ ಬಲವಾಗಿ ಹಿಂಡಿದರೆ, ಕೈಯಿಂದ ಹಿಂಡಿದಾಗ ಬಿಡದ ನೀರನ್ನು ಟವೆಲ್ ಎಳೆದುಕೊಳ್ಳುತ್ತದೆ. ಬಳಿಕ ಬಚ್ಚಲಲ್ಲಿ ತೂಗುಹಾಕದೆ, ಫ್ಯಾನಿನ ಗಾಳಿ ತಾಗುವಲ್ಲಿ, ಒಂದಕ್ಕೊಂದು ಅಂಟದಂತೆ ಹರವಬೇಕು. ಇದಕ್ಕಾಗಿಯೇ ನಾನು ದಪ್ಪ ಟರ್ಕಿ ಟವೆಲ್ ಬಿಟ್ಟು ತೆಳ್ಳನೆಯ ಹತ್ತಿ ಟವೆಲ್ ಒಯ್ಯುತ್ತೇನೆ. ಅದು ತಾನೂ ಬೇಗ ಒಣಗುತ್ತದೆ.

ಆದರೆ ಈ ಲೆಕ್ಕ ಎಲ್ಲ ಊರಿಗೂ ಒಂದೇ ಅಲ್ಲ, ಮತ್ತು ಇಲ್ಲಿಯೇ ನಮ್ಮವರು ಹೆಚ್ಚಾಗಿ ತಪ್ಪು ಅಂದಾಜು ಮಾಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಕಲಬುರಗಿ, ಯಾದಗಿರಿಯ ಒಣ ಗಾಳಿಯಲ್ಲಿ ಹತ್ತಿ ಬಟ್ಟೆ ನೋಡನೋಡುತ್ತಲೇ ಒಣಗುವುದನ್ನು ಕಂಡು ಬೆಳೆದವರಿಗೆ ಬೇರೆ ಊರಿನ ಗಾಳಿಯ ಅಂದಾಜು ಸಿಗುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ ಜುಲೈ ತಿಂಗಳ ಗಾಳಿ ತಾನೇ ನೀರಿನಿಂದ ತುಂಬಿರುತ್ತದೆ. ಬಟ್ಟೆಯ ನೀರು ಆವಿಯಾಗಿ ಹೋಗಲು ಅಲ್ಲಿ ಜಾಗವಿರುವುದಿಲ್ಲ. ಅಂಥ ಕಡೆಗೆ ದಿನಕ್ಕೊಂದರಂತೆ ತೆಳು ಕುಪ್ಪಸಗಳನ್ನು ಇಟ್ಟುಕೊಂಡು, ಬೇರೆ ಏನನ್ನಾದರೂ ಬಿಡುತ್ತೇನೆ. ಮಳೆಗಾಲದ ಬೆಂಗಳೂರು ಈ ಎರಡರ ನಡುವಿನದು.

ಚಳಿಗಾಲದ ರಾತ್ರಿ ಗಾಡಿಗೆ ಮನೆಯ ಹಿರಿಯರು ಕೌದಿ ಮಡಿಸಿ ಕೊಡುತ್ತಾರೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಆ ಕೌದಿಯ ಬಿಸುಪಿಗೆ ಸಾಟಿಯಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಚೀಲದ ಅರ್ಧವನ್ನು ಅದೊಂದೇ ತುಂಬುತ್ತದೆ. ಎಸಿ ಬೋಗಿಗಳಲ್ಲಿ ಹಾಸಿಗೆ ಹೊದಿಕೆ ಕೊಡುತ್ತಾರೆ, ಸ್ಲೀಪರ್‌ನಲ್ಲಿ ಕೊಡುವುದಿಲ್ಲ. ಸ್ಲೀಪರ್‌ಗೆ ಒಂದು ಉಣ್ಣೆಯ ಶಾಲು, ಕಾಲಿಗೆ ಸಾಕ್ಸ್, ಕಿವಿಗೆ ಒಂದು ಸ್ಕಾರ್ಫ್ ಸಾಕು. ಹಾಸಿಕೊಳ್ಳಲು ಚೀಲದಲ್ಲಿರುವ ಹತ್ತಿ ಸೀರೆಯೇ ಆಗುತ್ತದೆ.

ಚೀಲ ದೊಡ್ಡದಾಗುವುದಕ್ಕೆ ಅರಿವೆಗಿಂತ ದೊಡ್ಡ ಕಾರಣ ಬುತ್ತಿ. ಇದನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ನಾನೂ ಬಿಡುವುದಿಲ್ಲ. ಒಂದು ಹೊತ್ತಿನ ಮೆತ್ತನೆಯ ಜೋಳದ ರೊಟ್ಟಿ, ಅದರೊಡನೆ ಎಣ್ಣೆ ಸೋರದ ಶೇಂಗಾ ಹಿಂಡಿ (ಚಟ್ನಿಪುಡಿ), ಇವನ್ನು ಮಡಿಸಬಲ್ಲ ಪ್ರತ್ಯೇಕ ಬಟ್ಟೆಚೀಲದಲ್ಲಿ ಒಯ್ದರೆ ಊಟವಾದ ಮೇಲೆ ಆ ಚೀಲ ದೊಡ್ಡ ಚೀಲದ ಮೂಲೆಯಲ್ಲಿ ಅಡಗುತ್ತದೆ. ಬೇಸಿಗೆಯಲ್ಲಿ ಮೊಸರನ್ನ ಒಯ್ಯಬಾರದು, ನಮ್ಮ ಬಿಸಿಲಿಗೆ ಅದು ಹುಳಿಯಾಗಿ ಹೋಗುತ್ತದೆ. ಕಡಕ ರೊಟ್ಟಿ ವಾರಗಟ್ಟಲೆ ಇರುತ್ತದೆ, ಹಗುರವೂ ಹೌದು, ಆದರೆ ಜಾಗ ಬಹಳ ಬೇಡುತ್ತದೆ ಮತ್ತು ಅದರ ಮೇಲೆ ಏನನ್ನೂ ಇಡುವಂತಿಲ್ಲ. ನಿಜವಾದ ಕಷ್ಟ ಬರುವುದು ಬೆಂಗಳೂರಿನಲ್ಲಿರುವ ಬಂಧುಗಳು ತೊಗರಿ ಬೇಳೆ ಕೇಳಿದಾಗ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ಬೇಳೆಯ ರುಚಿ ಬೇರೆಡೆ ಸಿಗುವುದಿಲ್ಲ ಎಂಬ ಅವರ ಮಾತು ನನಗೂ ಹೆಮ್ಮೆಯದು; ಹಾಗೆಂದು ಐದು ಕಿಲೋ ಬೇಳೆಯನ್ನು ಬೆನ್ನ ಮೇಲೆ ಹೊರುವುದರಲ್ಲಿ ಪ್ರೀತಿ ಹೆಚ್ಚುವುದಿಲ್ಲ. ಅರ್ಧ ಕಿಲೋ ಕೈಯಲ್ಲಿ ಒಯ್ದು, ಉಳಿದದ್ದನ್ನು ಸಾರಿಗೆ ನಿಗಮದ ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತೇನೆ.

ಸಣ್ಣ ಸಾಮಾನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಬೂನು, ಟೂತ್‌ಪೇಸ್ಟ್ ಸಣ್ಣವು ಸಾಕು. ಯಾವ ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ. ಮಾತ್ರೆಗಳನ್ನು ಮಾತ್ರ ಬಿಡಿಸಿ ಡಬ್ಬಿಗೆ ಹಾಕದೆ ಹಾಳೆಯಲ್ಲಿಯೇ ಇಟ್ಟುಕೊಳ್ಳಬೇಕು, ಹೆಸರು ಮತ್ತು ಅವಧಿ ಅದರ ಮೇಲೆಯೇ ಇರುತ್ತದೆ. ಗಾಡಿ ತಡವಾಗಬಹುದಾದ್ದರಿಂದ ಎರಡು ದಿನದ್ದು ಹೆಚ್ಚಿಗೆ ಇರಲಿ. ಬೇಸಿಗೆಯಲ್ಲಿ ಒಂದು ಲೀಟರ್ ನೀರಿಗೆ ಬೆರೆಸುವ ಓಆರ್‌ಎಸ್ ಪುಡಿಯ ಎರಡು ಪೊಟ್ಟಣ ನನ್ನ ಚೀಲದಲ್ಲಿ ತಪ್ಪುವುದಿಲ್ಲ. ಗುರುತಿನ ಚೀಟಿಗೆ ಫೋನಿನಲ್ಲಿ ಡಿಜಿಲಾಕರ್ ಇದೆ, ಆದರೂ ಚಾರ್ಜ್ ಮುಗಿದ ಗಳಿಗೆಗೆಂದು ಒಂದು ಮೂಲ ಚೀಟಿ ಇಡುತ್ತೇನೆ. ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಇಡಬೇಕು, ಚೆಕ್‌ಇನ್ ಸಾಮಾನಿನಲ್ಲಿ ಅದಕ್ಕೆ ಅನುಮತಿಯಿಲ್ಲ.

ಕೊನೆಗೆ ಕೆಲವರು ಕೇಳುವ ಇನ್ನೊಂದು ಮಾತಿದೆ: ಕೂಸು ಇದ್ದವರು, ರೋಗಿಯನ್ನು ಕರೆದುಕೊಂಡು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವವರು ಏನು ಮಾಡಬೇಕು? ಅವರಿಗೆ ನನ್ನ ಲೆಕ್ಕ ಬೇಡ. ಆಸ್ಪತ್ರೆಗೆ ಹೋಗುವಾಗ ಹಳೆಯ ವರದಿಗಳು, ಎಕ್ಸ್‌ರೇ, ಹೆಚ್ಚಿನ ಹೊದಿಕೆ, ಬಿಸಿನೀರಿನ ಥರ್ಮಾಸ್ ಎಲ್ಲವೂ ಇರಲಿ, ಎಷ್ಟು ದಿನ ನಿಲ್ಲಬೇಕಾಗುವುದೋ ಮೊದಲೇ ತಿಳಿಯುವುದಿಲ್ಲ. ಅಂಥವರ ಜೊತೆಗೆ ಹೋಗುವ ಇನ್ನೊಬ್ಬರಾದರೂ ತಮ್ಮ ಸಾಮಾನನ್ನು ಒಂದು ಸಣ್ಣ ಚೀಲಕ್ಕೆ ಇಳಿಸಿಕೊಂಡು, ರೋಗಿಯ ಚೀಲವನ್ನು ತಾವೇ ಹೊರಲಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.