ಪ್ರೋಬ್ ಹತ್ತು ಎಂದಿತು, ಇದ್ದದ್ದು ಐದು

ರೇಡಿಯೋ ತರಂಗಗಳನ್ನು ತಾಳಿಕೊಳ್ಳುತ್ತದೆಯೇ ಎಂಬ ಪರೀಕ್ಷೆಗೆ ಬಂದಿದ್ದ ನಿಯಂತ್ರಣ ಘಟಕವೊಂದು 30 ಮೆಗಾಹರ್ಟ್ಸ್‌ನಲ್ಲಿ ಪದೇ ಪದೇ ರೀಸೆಟ್ ಆಗುತ್ತಿತ್ತು. ವಿನ್ಯಾಸಕಾರರು ಎರಡು ದಿನ ಫಿಲ್ಟರ್ ಬದಲಿಸಿ ಬದಲಿಸಿ ಸೋತರು. ಘಟಕವನ್ನು ಕಾಡುತ್ತಿದ್ದದ್ದು 90 ಮೆಗಾಹರ್ಟ್ಸ್. ಅದನ್ನು ಹುಟ್ಟಿಸುತ್ತಿದ್ದವನು ನಾನೇ.

ಆಂಟೆನಾದಿಂದ ಘಟಕದತ್ತ ತರಂಗ ಬೀರುವ ಈ ವಿಕಿರಣ ಪರೀಕ್ಷೆ, ಐಇಸಿ 61000-4-3 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಶುರುವಾಗುವುದು 80 ಮೆಗಾಹರ್ಟ್ಸ್‌ನಿಂದ. ಗ್ರಾಹಕರು 30ರಿಂದಲೇ ಬೇಕೆಂದರು: 3 ಮೀಟರ್ ದೂರದಲ್ಲಿ ಮೀಟರಿಗೆ 10 ವೋಲ್ಟ್. ಆಂಟೆನಾದ ಗೇನ್ (ಕೊಟ್ಟ ಶಕ್ತಿಯನ್ನು ಗುರಿಯತ್ತ ಎಷ್ಟು ಚೆನ್ನಾಗಿ ಬೀರುತ್ತದೆ ಎಂಬ ಅಳತೆ) 0 ಡೆಸಿಬೆಲ್ ಎಂದುಕೊಂಡರೆ ಇದಕ್ಕೆ 30 ವ್ಯಾಟ್ ಸಾಕು. ಪರೀಕ್ಷೆಯಲ್ಲಿ ತರಂಗದ ಎತ್ತರವನ್ನು ಏರಿಳಿಸುವ ಶೇ 80ರ ಮಾಡ್ಯುಲೇಷನ್‌ನ ಶಿಖರಕ್ಕೆ ಅದರ 3.24 ಪಟ್ಟು, ಅಂದರೆ ಸುಮಾರು 97 ವ್ಯಾಟ್. ನಮ್ಮಲ್ಲಿ 250 ವ್ಯಾಟ್‌ನ ಆಂಪ್ಲಿಫೈಯರ್ ಇತ್ತು. ಧಾರಾಳವಾಯಿತು ಎಂದುಕೊಂಡೆ. ಗೇನ್ ರೇಖೆಯ ನಡುಭಾಗವನ್ನಷ್ಟೇ ನೋಡಿದ್ದೆ. ಕಡಿಮೆ ಆವರ್ತನದ ಎಡತುದಿಗೆ ಕಣ್ಣು ಹೋಗಲೇ ಇಲ್ಲ.

ಎಡತುದಿಯಲ್ಲಿ ಕಥೆಯೇ ಬೇರೆ. 30 ಮೆಗಾಹರ್ಟ್ಸ್‌ನ ತರಂಗಾಂತರ 10 ಮೀಟರ್. ನಮ್ಮ ಬೈಕೋನಿಕಲ್ ಆಂಟೆನಾ ಒಂದೂವರೆ ಮೀಟರ್ ಕೂಡ ಇಲ್ಲ. ಅಲ್ಲಿ ಅದರ ಸ್ಥಾಯಿ ತರಂಗ ಅನುಪಾತ 20ರ ಆಸುಪಾಸು, ಅಂದರೆ ಕಳಿಸಿದ ಶಕ್ತಿಯಲ್ಲಿ ಶೇ 82ರಷ್ಟು ಹಿಂದಿರುಗುತ್ತದೆ. ಈ ನಷ್ಟವೂ ಸೇರಿ ಗೇನ್ ಮೈನಸ್ 15 ಡೆಸಿಬೆಲ್. ಏರಿಳಿತವಿಲ್ಲದ ಬರೀ ಕ್ಯಾರಿಯರ್‌ಗೇ 950 ವ್ಯಾಟ್ ಬೇಕು, ಮಾಡ್ಯುಲೇಷನ್‌ಗೆ 3,000 ದಾಟುತ್ತದೆ. ಆಂಪ್ಲಿಫೈಯರನ್ನು ಪೂರ್ತಿ ಹಿಂಡಿದರೂ 30 ಮೆಗಾಹರ್ಟ್ಸ್‌ನಲ್ಲಿ ನಿಜವಾಗಿ ಸಿಗುವುದು ಮೀಟರಿಗೆ 5 ವೋಲ್ಟ್.

ಆದರೆ ವಿದ್ಯುತ್ ಕ್ಷೇತ್ರವನ್ನು ಅಳೆಯುವ ಪ್ರೋಬ್ ಮಾತ್ರ 10 ತೋರಿಸುತ್ತಿತ್ತು! ಹಿಂಡಿದ ಆಂಪ್ಲಿಫೈಯರ್ ಮೂರನೇ ಹಾರ್ಮೋನಿಕ್ಕನ್ನು, ಅಂದರೆ ಮೂಲ ಆವರ್ತನದ ಮೂರು ಪಟ್ಟಾದ 90 ಮೆಗಾಹರ್ಟ್ಸ್ ಅನ್ನು, ಉಗುಳುತ್ತದೆ. ಅದರ ಶಕ್ತಿ ಮೂಲದ ಹತ್ತನೇ ಒಂದು ಭಾಗವಿದ್ದರೂ ಆ ಆವರ್ತನದಲ್ಲಿ ಅದೇ ಆಂಟೆನಾ 15 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ ಸುಮಾರು 32 ಪಟ್ಟು, ಚುರುಕು. ಹೀಗಾಗಿ ಕ್ಷೇತ್ರದಲ್ಲಿ ಹಾರ್ಮೋನಿಕ್ಕೇ ಮೂಲವನ್ನು ಮೀರಿಸುತ್ತದೆ. ಪ್ರೋಬಿಗೆ ಆವರ್ತನದ ಭೇದ ತಿಳಿಯದು, ಎಲ್ಲವನ್ನೂ ಕೂಡಿ ಒಂದೇ ಅಂಕಿ ಕೊಡುತ್ತದೆ. ಆಂಟೆನಾಗೆ ಹೋಗುವ ಶಕ್ತಿಯ ಚೂರೊಂದನ್ನು ಹೊರತೆಗೆದುಕೊಡುವ ಡೈರೆಕ್ಷನಲ್ ಕಪ್ಲರ್‌ಗೆ ಆವರ್ತನಗಳನ್ನು ಬೇರ್ಪಡಿಸಿ ತೋರಿಸುವ ಸ್ಪೆಕ್ಟ್ರಂ ಅನಲೈಸರ್ ಜೋಡಿಸಿ ನೋಡುವುದಕ್ಕೆ ಐದು ನಿಮಿಷ ಸಾಕಿತ್ತು. ಮೂರನೆಯ ದಿನ ಜೋಡಿಸಿದೆ.

ಆಂಟೆನಾವನ್ನು 1 ಮೀಟರಿಗೆ ಸರಿಸಿದರೆ ಶಕ್ತಿ ಒಂಬತ್ತನೇ ಒಂದಕ್ಕೆ ಇಳಿಯುತ್ತದೆ ಎಂಬ ಆಸೆ ಮೊದಲು ಕಾಡಿತು. ಆದರೆ 30 ಮೆಗಾಹರ್ಟ್ಸ್‌ನಲ್ಲಿ ಸಮೀಪ ಕ್ಷೇತ್ರದ (ಆಂಟೆನಾದ ಸುತ್ತ ತರಂಗ ಇನ್ನೂ ಪೂರ್ತಿ ರೂಪುಗೊಳ್ಳದ ವಲಯದ) ಗಡಿಯೇ ಸುಮಾರು 1.6 ಮೀಟರ್, ಅದರೊಳಗೆ ಈ ಲೆಕ್ಕ ನಿಲ್ಲುವುದಿಲ್ಲ. ಕಡೆಗೆ ಉದ್ದನೆಯ ಆಂಟೆನಾ ತರಿಸಿದೆವು. 6 ಡೆಸಿಬೆಲ್ ಹೆಚ್ಚು ಸಿಕ್ಕರೆ ಬೇಕಾದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ನಾಲ್ಕು ಪಟ್ಟು ಶಕ್ತಿಯ ಆಂಪ್ಲಿಫೈಯರ್‌ಗಿಂತ ಲೋಹದ ಕೊಳವೆಗಳು ಎಷ್ಟೋ ಅಗ್ಗ. ಜೊತೆಗೆ ತರಂಗವನ್ನು ಕಡಿಮೆ ಕೆಡಿಸುವ ಎ ದರ್ಜೆಯ, ಹಿಂದಿರುಗುವ ಶಕ್ತಿಗೆ ಅಂಜದ ಆಂಪ್ಲಿಫೈಯರ್ ಮತ್ತು ಹಾರ್ಮೋನಿಕ್ಕುಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಬಂದವು. ಆಂಪ್ಲಿಫೈಯರ್ ಆರಿಸುವಾಗ ಮಾಹಿತಿ ಹಾಳೆಯ ನೆತ್ತಿಯ ಮೇಲಿನ ಗರಿಷ್ಠ ವ್ಯಾಟ್ ಬಿಟ್ಟು, ಆಂಪ್ಲಿಫೈಯರ್ ಎಷ್ಟು ವ್ಯಾಟ್ ಮುಟ್ಟಿದಾಗ ಸೋಲಲು ಶುರುಮಾಡುತ್ತದೆ ಎಂದು ಹೇಳುವ 1 ಡೆಸಿಬೆಲ್ ಕಂಪ್ರೆಷನ್ನಿನ ಸಾಲನ್ನೇ ಹುಡುಕಿದೆ.

ಮರುಪರೀಕ್ಷೆಯಲ್ಲಿ ಘಟಕ 30ರಲ್ಲಿ ಅಲುಗಲಿಲ್ಲ. 90 ತಲುಪಿದಾಗ ನಿಜಕ್ಕೂ ರೀಸೆಟ್ ಆಯಿತು. ವಿನ್ಯಾಸಕಾರರು ಹಳೆಯ ಫಿಲ್ಟರುಗಳನ್ನೆಲ್ಲ ಬಿಚ್ಚಿ, 90ಕ್ಕೆಂದೇ ಒಂದನ್ನು ಬೆಸೆದು, ಅದೇ ಸಂಜೆ ಮುಗಿಸಿದರು.