ನಡುರಾತ್ರಿಯ ತೀರ್ಥೋದ್ಭವ ಮತ್ತು ಸೋರಿದ ಕ್ಯಾನು

ಮಂಡ್ಯದ ನಾಲೆ ಬಯಲಿನಲ್ಲಿ ಹುಟ್ಟಿ ಬೆಳೆದ ನನಗೆ ಕಾವೇರಿ ಎಂದರೆ ಮೊದಲಿಗೆ ನೆನಪಾಗುವುದು ತೂಬು, ಸರದಿಯ ನೀರು ಮತ್ತು ಕನ್ನಂಬಾಡಿ ಕಟ್ಟೆಯ ಮಟ್ಟ. 2023ರಲ್ಲಿ ಮುಂಗಾರು ಕೈಕೊಟ್ಟಿದ್ದರಿಂದ, 124.80 ಅಡಿ ತುಂಬಬೇಕಾದ ಕಟ್ಟೆ ನೂರರ ಆಸುಪಾಸಿನಲ್ಲಿ ನಿಂತುಬಿಟ್ಟಿತ್ತು; ಸೆಪ್ಟೆಂಬರ್ 29ರಂದು ನೀರಿಗಾಗಿ ಕರ್ನಾಟಕ ಬಂದ್ ನಡೆದಿತ್ತು; ನಮ್ಮೂರಿನ ಹೆದ್ದಾರಿಯಲ್ಲಿ ಧರಣಿಯ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಅಂಥ ಹೊತ್ತಿನಲ್ಲಿ ಕೊಡಗಿನ ನಾಪೋಕ್ಲು ಕಡೆಯ ಗೆಳೆಯನೊಬ್ಬ ಫೋನ್ ಮಾಡಿ, ‘ಈ ಸಲ ಚಂಗ್ರಾಂದಿಗೆ ಬಾ, ನೀರು ಎಲ್ಲಿಂದ ಬರುತ್ತದೆಂದು ಒಮ್ಮೆ ನೋಡಿ ಹೋಗು’ ಎಂದ. ತುಲಾ ಸಂಕ್ರಮಣವನ್ನು ಕೊಡವರು ಕಾವೇರಿ ಚಂಗ್ರಾಂದಿ ಎನ್ನುತ್ತಾರೆ; ಸೂರ್ಯ ತುಲಾ ರಾಶಿಗೆ ಕಾಲಿಡುವ ಆ ಗಳಿಗೆಯಲ್ಲಿ ಕಾವೇರಿಯ ಉಗಮವಾದ ತಲಕಾವೇರಿಯಲ್ಲಿ ತೀರ್ಥ ಉಕ್ಕುತ್ತದೆಂಬ ನಂಬಿಕೆ. ಮಾತಿನಲ್ಲಿ ಚುಚ್ಚು ಇದ್ದಿರಬಹುದು, ಆದರೆ ನಾನು ಹೊರಟೆ.

ಆ ವರ್ಷದ ಮುಹೂರ್ತ ಅಕ್ಟೋಬರ್ 17ರ ನಡುರಾತ್ರಿ ಕಳೆದು 1 ಗಂಟೆ 27 ನಿಮಿಷಕ್ಕೆ, ಕರ್ಕಾಟಕ ಲಗ್ನದಲ್ಲಿ. ಹಬ್ಬವೊಂದು ಇಂಥ ಅಪವೇಳೆಯಲ್ಲಿ ಬರುವುದೇಕೆಂದು ಕೇಳಿದ್ದಕ್ಕೆ ಗೆಳೆಯ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದ. ಸೂರ್ಯನು ಒಂದು ತುಲಾ ಪ್ರವೇಶದಿಂದ ಮುಂದಿನ ತುಲಾ ಪ್ರವೇಶಕ್ಕೆ ತೆಗೆದುಕೊಳ್ಳುವುದು 365 ದಿನಗಳ ಮೇಲೆ ಸುಮಾರು ಆರು ಗಂಟೆ ಒಂಬತ್ತು ನಿಮಿಷವಾದ್ದರಿಂದ ಮುಹೂರ್ತವೂ ವರ್ಷಕ್ಕೆ ಅಷ್ಟಷ್ಟೇ ಮುಂದಕ್ಕೆ ಜರುಗುತ್ತದೆ: 2021ರಲ್ಲಿ ಮಧ್ಯಾಹ್ನ 1.11, 2022ರಲ್ಲಿ ಸಂಜೆ 7.21, ಈಗ ನಡುರಾತ್ರಿ. ನಾಲ್ಕು ವರ್ಷಕ್ಕೊಮ್ಮೆ ನಿದ್ದೆಗೆಡುವ ಸರದಿಯೇ ನನ್ನ ಪಾಲಿಗೆ ಬಂದಿತ್ತು.

ಮಡಿಕೇರಿಯಲ್ಲಿ ದಸರೆಯ ಸಂಭ್ರಮವಿತ್ತು, ನಾನು ಇಳಿಯಲಿಲ್ಲ. ಭಾಗಮಂಡಲವನ್ನು ತಲುಪುವಾಗ ಸಂಜೆಯಾಗಿತ್ತು. ಕಾವೇರಿ, ಕನ್ನಿಕೆ ಮತ್ತು ಗುಪ್ತಗಾಮಿನಿಯೆನ್ನುವ ಸುಜ್ಯೋತಿ ಕೂಡುವ ಸಂಗಮದಲ್ಲಿ ಕೆಲವರು ತಲೆ ಬೋಳಿಸಿಕೊಳ್ಳುತ್ತಿದ್ದರು, ಕೆಲವರು ಪಿಂಡ ಬಿಡುತ್ತಿದ್ದರು. ಮಳೆಗಾಲದಲ್ಲಿ ರಸ್ತೆಯನ್ನೇ ಮುಳುಗಿಸಿ, ಊರಿಗೊಂದು ಮೇಲ್ಸೇತುವೆ ಕಟ್ಟಿಸುವಷ್ಟು ಉಕ್ಕುವ ಹೊಳೆಯಲ್ಲಿ ಆ ದಿನ ಮೊಣಕಾಲುದ್ದ ನೀರಿತ್ತು. ಮೊದಲು ಇಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು, ಆಮೇಲೆ ಬೆಟ್ಟ ಹತ್ತುವುದು ಪದ್ಧತಿ. ಗೆಳೆಯನಿಗೆ ಮೊಣಕಾಲು ನೋವು. ಅವನು ಕೆಳಗೇ ಉಳಿದು, ‘ನಮ್ಮ ತಾಯಿಗೆ ತೀರ್ಥ ತರುವ ಜವಾಬ್ದಾರಿ ನಿನ್ನದು’ ಎಂದ. ತಾಯಿ ಎಂದರೆ ಹೆತ್ತವಳೆಂದು ನಾನು ತಿಳಿದಿದ್ದೆ. ಕೊಡವ ಮಾತಿನಲ್ಲಿ ಹೆತ್ತವಳು ಅವ್ವ, ಅಜ್ಜಿಯೇ ತಾಯಿ ಎಂಬುದು ಮರುದಿನ ಬೆಳಿಗ್ಗೆಯಷ್ಟೇ ಗೊತ್ತಾಯಿತು.

ತೀರ್ಥ ತುಂಬಲು ಪಾತ್ರೆ ತಂದಿರದಿದ್ದ ನಾನು ಬಸ್ ನಿಲ್ದಾಣದ ಬಳಿಯ ಒಂದು ತಳ್ಳುಗಾಡಿಯಲ್ಲಿ ಎರಡು ಲೀಟರಿನ ಪ್ಲಾಸ್ಟಿಕ್ ಕ್ಯಾನು ಕೊಂಡೆ. ಇದನ್ನು ಈಗಲೇ ಹೇಳಿಬಿಡುತ್ತೇನೆ: ತಲಕಾವೇರಿಗೆ ಹೋಗುವವರು ತಿರುಪು ಮುಚ್ಚಳದ ಸ್ಟೀಲ್ ಡಬ್ಬಿಯನ್ನು ಮನೆಯಿಂದಲೇ ಒಯ್ಯಿರಿ, ಅದರಲ್ಲಿ ನೀರು ತುಂಬಿ ಒಂದು ರಾತ್ರಿ ಬೋರಲು ಹಾಕಿ ಪರೀಕ್ಷಿಸಿರಿ. ಜಾತ್ರೆಯ ಕ್ಯಾನಿನ ಮುಚ್ಚಳ ಶೋಭೆಗಾಗಿ ಮಾತ್ರ ಇರುತ್ತದೆ.

ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿಲೋಮೀಟರ್. ಬಸ್ಸುಗಳಿದ್ದರೂ, ಕೊಡವರ ನಿಲುವಂಗಿಯಾದ ಕುಪ್ಯ ತೊಟ್ಟು ಸೊಂಟಕ್ಕೆ ಚೇಲೆ ಬಿಗಿದ ಯುವಕರು ಮತ್ತು ಸೀರೆಯ ನೆರಿಗೆಯನ್ನು ಹಿಂದಕ್ಕೆ ಸೇರಿಸಿ ಉಟ್ಟ ಹೆಂಗಸರು ‘ಜೈ ಜೈ ಮಾತಾ, ಕಾವೇರಿ ಮಾತಾ’ ಎನ್ನುತ್ತ ನಡೆದೇ ಹತ್ತುತ್ತಿದ್ದುದನ್ನು ಕಂಡು ನಾನೂ ಅವರ ಹಿಂದೆ ಸೇರಿಕೊಂಡೆ. ಮೇಲೇರಿದಂತೆ ಮಂಜು ದಟ್ಟವಾಗಿ, ಮುಂದಿನವರ ಟಾರ್ಚಿನ ಬೆಳಕು ಹಾಲು ಚೆಲ್ಲಿದಂತೆ ಕಾಣುತ್ತಿತ್ತು. 2020ರ ಆಗಸ್ಟಿನಲ್ಲಿ ಇಲ್ಲಿನ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಸೇರಿದ ಕಡೆ ಯಾವುದೆಂದು ಕೇಳಿದಾಗ, ಜೊತೆಗಿದ್ದ ಹುಡುಗ ಕತ್ತಲಿನತ್ತ ಕೈ ತೋರಿಸಿ ಸುಮ್ಮನಾದ.

ಬ್ರಹ್ಮಗಿರಿಯ ತಪ್ಪಲಲ್ಲಿ, ಸಮುದ್ರ ಮಟ್ಟದಿಂದ 1,276 ಮೀಟರ್ ಎತ್ತರದಲ್ಲಿರುವ ಆ ಸನ್ನಿಧಿಯನ್ನು ನಾನು ಮನಸ್ಸಿನಲ್ಲಿ ಬಹಳ ದೊಡ್ಡದಾಗಿ ಕಟ್ಟಿಕೊಂಡಿದ್ದೆ. ಜನ ಮೀಯುವ ಕೊಳ ದೊಡ್ಡದೇ. ಆದರೆ ಅದರ ತಲೆಯ ಕಡೆ ಹೂವು, ಕುಂಕುಮ, ದೀಪಗಳ ನಡುವೆ ಇರುವ ಬ್ರಹ್ಮಕುಂಡಿಕೆಯು ನಮ್ಮ ಮನೆಯ ಬಚ್ಚಲ ತೊಟ್ಟಿಗಿಂತ ಚಿಕ್ಕದು. ಮೂರು ರಾಜ್ಯಗಳೂ ಒಂದು ಕೇಂದ್ರಾಡಳಿತ ಪ್ರದೇಶವೂ ಕೋರ್ಟಿನಲ್ಲಿ ಹೊಡೆದಾಡಿದ ನದಿಯ ಮೊದಲ ಮನೆ ಇಷ್ಟೇ. ಧ್ವನಿವರ್ಧಕದವನು ಗಂಟೆಗಟ್ಟಲೆ ಗಣ್ಯರ ಆಗಮನವನ್ನು ಸಾರದೆ ಬಾಯಿ ಮುಚ್ಚಿಕೊಂಡಿದ್ದರೆ ಆ ಪುಟ್ಟತನವನ್ನು ಇನ್ನಷ್ಟು ಚೆನ್ನಾಗಿ ಅನುಭವಿಸಬಹುದಿತ್ತು.

ನನ್ನ ಪಕ್ಕದಲ್ಲಿ ತಂಜಾವೂರಿನ ಕಡೆಯಿಂದ ಬಂದಿದ್ದ ಮಧ್ಯವಯಸ್ಸಿನ ರೈತನೊಬ್ಬ ನಿಂತಿದ್ದ. ಅವರ ಐಪ್ಪಸಿ ತಿಂಗಳು ನಮ್ಮ ತುಲಾ ಮಾಸವೇ. ಆ ತಿಂಗಳಿಡೀ ಮಯಿಲಾಡುತುರೈಯಲ್ಲಿ ಕಾವೇರಿ ಸ್ನಾನ ನಡೆಯುತ್ತದೆಂದೂ, ಈ ವರ್ಷ ಅಲ್ಲಿ ನೀರಿಲ್ಲವೆಂದೂ ಅವನು ಮುರುಕು ಕನ್ನಡದಲ್ಲಿ ಹೇಳಿದ. ನಾನು ಮಂಡ್ಯದವನು ಎಂದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನು, ‘ಕುಳಿರು ಜಾಸ್ತಿ’ ಎನ್ನುತ್ತ ತನ್ನ ಶಾಲಿನ ಒಂದು ಅಂಚನ್ನು ನನ್ನ ಹೆಗಲ ಮೇಲೆ ಎಳೆದ.

ಒಂದೂಕಾಲರ ನಂತರ ಮಂತ್ರಘೋಷ ಏರಿತು. ಅರ್ಚಕರು ಕುಂಡಿಕೆಯ ಸುತ್ತ ಬಾಗಿದ್ದರು. ಅವರ ಬೆನ್ನುಗಳ ಸಂದಿಯಲ್ಲಿ ನನಗೆ ಕಂಡದ್ದು ಅಂಗೈಯಗಲದ ನೀರು, ಅದರ ಮೇಲೆ ತೇಲುತ್ತಿದ್ದ ಕೆಲವು ಸೇವಂತಿಗೆ ಎಸಳುಗಳು, ಅಂಚಿಗೆ ಮೆತ್ತಿಕೊಂಡಿದ್ದ ಕುಂಕುಮ. ಒಂದು ಗಳಿಗೆಯಲ್ಲಿ ಆ ಎಸಳುಗಳು ಅದುರಿ, ನಡುವಿನಿಂದ ಅಂಚಿನ ಕಡೆಗೆ ಸರಿದವು. ಕುಂಕುಮದ ಗೆರೆ ಕರಗಿತು. ಅಷ್ಟರಲ್ಲಿ ಸಾವಿರ ಗಂಟಲುಗಳು ಒಟ್ಟಿಗೆ ಕೂಗಿದವು, ಅರ್ಚಕರು ಎರಚಿದ ತೀರ್ಥ ಮುಖಕ್ಕೆ ಮಂಜುಗಡ್ಡೆಯಂತೆ ಬಡಿಯಿತು, ಜನ ಕೊಡ, ಬಾಟಲಿ ಹಿಡಿದು ಕೊಳಕ್ಕೆ ಧುಮುಕಿದರು. ಉಕ್ಕನ್ನು ಕಣ್ಣಾರೆ ಕಂಡೆನೆಂದು ನಾನು ಪ್ರಮಾಣ ಮಾಡಲಾರೆ. ಎಸಳುಗಳು ಸರಿದದ್ದನ್ನು ಕಂಡೆ.

ಬಸ್ಸಿಗಾಗಿ ಎರಡು ಗಂಟೆ ಕಾದದ್ದನ್ನೂ ಮನೆಯವರೆಗಿನ ದಾರಿಯನ್ನೂ ಬಿಡುತ್ತೇನೆ. ಬೆಳಗಿನ ಐದೂವರೆಗೆ ಗೆಳೆಯನ ಐನ್‌ಮನೆಯ, ಅಂದರೆ ಕುಲದ ಹಿರಿಮನೆಯ, ಜಗಲಿಯಲ್ಲಿ ಚೀಲ ತೆರೆದಾಗ ಕ್ಯಾನಿನಲ್ಲಿ ಕಾಲು ಭಾಗ ಉಳಿದಿತ್ತು. ಮಿಕ್ಕದ್ದೆಲ್ಲ ನನ್ನ ಟವೆಲು, ಅಂಗಿಗಳ ಪಾಲಾಗಿತ್ತು. ಒಳಗೆ ಆಗಲೇ ಕಣಿ ಪೂಜೆಗೆ ಸಿದ್ಧವಾಗಿತ್ತು. ನೆಲ್ಲಕ್ಕಿ ನಡುಬಾಡೆ ಎನ್ನುವ ನಡುಮನೆಯ ತೂಗುದೀಪದ ಕೆಳಗೆ, ತಟ್ಟೆಯ ಅಕ್ಕಿಯ ಮೇಲೆ, ಕೆಂಪು ರೇಷ್ಮೆ ಸುತ್ತಿ ಹೂವು ಮುಡಿಸಿ ಪತ್ತಾಕ್ ಸರ ತೊಡಿಸಿದ ಸೌತೆಕಾಯಿಯೊಂದು ಪುಟ್ಟ ಹೆಣ್ಣಿನಂತೆ ಕುಳಿತಿತ್ತು. ಅದೇ ಕಾವೇರಿ. ಎಂಬತ್ತೆಂಟರ ಅಜ್ಜಿ ಮೊದಲು ಅಕ್ಕಿ ಹಾಕಿ ಕೈಮುಗಿದರು; ಮನೆಯವರೆಲ್ಲ ಅವರ ಕಾಲು ಹಿಡಿದರು. ಗೆಳೆಯನ ಮಗ ಮಿಂದು ಬಂದು, ಮೂರು ದೋಸೆಗಳನ್ನು ಎತ್ತಿಕೊಂಡು ಗದ್ದೆಯಲ್ಲಿ ನೆಟ್ಟಿದ್ದ ಬೊತ್ತುವಿನ, ಅಂದರೆ ಬಳ್ಳಿ ಸುತ್ತಿದ ಕೋಲಿನ, ಕಡೆ ಹೊರಟ.

ನಮಗೂ ದೋಸೆ ಮತ್ತು ಕುಂಬಳಕಾಯಿ ಕರಿ. ಕೊಡಗಿಗೆ ಬಂದು ಮಾಂಸವಿಲ್ಲದ ಊಟವೇ ಎಂದು ಒಳಗೊಳಗೇ ಸಪ್ಪಗಾಗಿದ್ದವನು ಎಂಟನೆಯ ದೋಸೆಗೆ ಕೈ ಚಾಚಿದೆ. ಅಜ್ಜಿ ಎದುರಿನ ಮಣೆಯ ಮೇಲೆ ಕುಳಿತರು.

‘ನಿಮ್ಮಲ್ಲಿ ನೀರಿಗೆ ದೊಡ್ಡ ಗಲಾಟೆ ಅಂತಲ್ಲ, ಮೋನೇ?’

ನಾನು ಟಿಎಂಸಿ, ಕ್ಯೂಸೆಕ್ಕು, ಪ್ರಾಧಿಕಾರ ಎಂದೆಲ್ಲ ವಿವರಿಸಿದೆ.

‘ಒಂದು ಟಿಎಂಸಿ ಅಂದರೆ ಎಷ್ಟು ಬಿಂದಿಗೆ?’

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಮೊಬೈಲಿನಲ್ಲಿ ಲೆಕ್ಕ ಮಾಡಿದೆ: 2,831 ಕೋಟಿ ಲೀಟರ್, ಹದಿನೈದು ಲೀಟರಿನ ಬಿಂದಿಗೆಯಾದರೆ ಸುಮಾರು 190 ಕೋಟಿ. ಅಜ್ಜಿ ಬಹಳ ಹೊತ್ತು ನಕ್ಕರು.

‘ಅವಳನ್ನು ತಡೆದು ನಿಲ್ಲಿಸೋಕೆ ಮೊದಲು ಹೋದವರು ನಾವೇ. ಅಗಸ್ತ್ಯನ ಕಮಂಡಲದಿಂದ ಹೊರಟು ಬಂದಳಲ್ಲ, ಬಲಮುರಿಯಲ್ಲಿ ನಮ್ಮವರೆಲ್ಲ ಸಾಲಾಗಿ ಅಡ್ಡ ನಿಂತರು. ನಿಲ್ಲಲಿಲ್ಲ. ನುಗ್ಗಿದ ರಭಸಕ್ಕೆ ನಮ್ಮ ಹೆಂಗಸರ ನೆರಿಗೆ ಹಿಂದಕ್ಕೆ ಹೋಯಿತು.’ ಅವರು ಎದ್ದು ನಿಂತು ತಿರುಗಿ, ತಮ್ಮ ಸೀರೆಯ ನೆರಿಗೆಯನ್ನು ಬೆರಳಿನಿಂದ ಮೀಟಿ ತೋರಿಸಿದರು. ‘ಇವತ್ತಿಗೂ ಹಿಂದೆಯೇ ಇದೆ.’

ಆಮೇಲೆ ತೀರ್ಥ ಕೇಳಿದರು. ನಾನು ತಲೆ ತಗ್ಗಿಸಿ ಕ್ಯಾನು ಕೊಟ್ಟೆ, ತಳ್ಳುಗಾಡಿಯವನನ್ನು ಬಯ್ದೆ. ಅವರು ಉಳಿದದ್ದನ್ನು ಒಂದು ಸಣ್ಣ ಗಾಜಿನ ಬಾಟಲಿಗೆ ಹನಿಯೂ ಚೆಲ್ಲದಂತೆ ಬಗ್ಗಿಸಿದರು. ಇಲ್ಲಿ ಮನೆಮನೆಯಲ್ಲೂ ವರ್ಷವಿಡೀ ಈ ನೀರನ್ನು ಇಟ್ಟುಕೊಂಡಿರುತ್ತಾರೆ. ಕೊನೆಯುಸಿರಿನವರ ಬಾಯಿಗೆ ಬಿಡಲು.

‘ಇವರ ಅಜ್ಜನಿಗೆ ಎರಡು ಚಮಚ ಹೋಯಿತು, ಅಷ್ಟೇ’ ಎಂದರು, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತ. ‘ನನಗೆ ಇದು ಧಾರಾಳ.’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಒದ್ದೆ ಟವೆಲನ್ನು ಒಗೆಯಲು ಹಾಕುವೆನೆಂದು ಎದ್ದಾಗ ಅವರು ಬೇಡವೆಂದು ಕೈಯಾಡಿಸಿ, ನನ್ನನ್ನು ಹಿತ್ತಿಲಿನ ಬಾವಿಯ ಹತ್ತಿರ ಕರೆದೊಯ್ದರು. ಬಾವಿಕಟ್ಟೆಗೂ ಒಂದು ಬೊತ್ತು ಸಿಕ್ಕಿಸಿತ್ತು. ‘ಹಿಂಡು, ಇದರೊಳಗೆ ಹಿಂಡು’ ಎಂದರು. ಬೆವರಿನ, ಬಸ್ಸಿನ ಧೂಳಿನ ಟವೆಲು ಅದು, ನಾನು ಹಿಂಜರಿದೆ. ಅವರು ಒಂದು ತುದಿಯನ್ನು ತಾವೇ ಹಿಡಿದುಕೊಂಡರು. ಇಬ್ಬರೂ ಒಂದೊಂದು ಕಡೆಗೆ ತಿರುಚಿದೆವು.